ಲೈಬ್ರರಿ ಬೀರುವಿನಲ್ಲಿ ಆರು ಪಾಮ್ ಸಿಕ್ಕಿವೆ. ಗುಜರಿಗೆ ಹಾಕಲಾ, ಇಟ್ಟುಕೊಳ್ಳಲಾ?

ಬೀರು ಬೀಗದಕೈ
ಭಾನುವಾರ ಬೆಳಿಗ್ಗೆ 10:12

ಎಲ್ಲರಿಗೂ ನಮಸ್ಕಾರ. ನಾನು ಒಂದು ಮೆಡಿಕಲ್ ಕಾಲೇಜಿನ ಲೈಬ್ರರಿಯನ್. ಬರುವ ಮಾರ್ಚ್‌ಗೆ ರಿಟೈರ್. ಅಷ್ಟರೊಳಗೆ ಸ್ಟಾಕ್ ವೆರಿಫಿಕೇಶನ್ ಮುಗಿಸಿಕೊಡಬೇಕು. ನಿನ್ನೆ ಹಿಂದಿನ ರೂಮಿನ ಕಬ್ಬಿಣದ ಬೀರು ತೆಗೆದೆ. ಕೆಳಗಿನ ಖಾನೆಯಲ್ಲಿ ವೈದ್ಯಕೀಯ ಲೇಖನ ಹುಡುಕುವ ಹಳೇ ಮೆಡ್‌ಲೈನ್ ಸಿಡಿಗಳು, ಅವುಗಳ ಹಿಂದೆ ಒಂದು ರಟ್ಟಿನ ಡಬ್ಬ. ಡಬ್ಬದೊಳಗೆ ಆರು ಪಾಮ್. ಅಂಗೈಯಲ್ಲಿ ಹಿಡಿಯುವ ಕಂಪ್ಯೂಟರ್ ಅಂತಿತ್ತಲ್ಲ, ಅದೇ. ಮಾಡೆಲ್ ಪಾಮ್ ತ್ರೀ ಎಕ್ಸ್ ಇ. ಪರದೆ ಮೇಲೆ ಬರೆಯುವ ಕಡ್ಡಿ ಆರಕ್ಕೆ ನಾಲ್ಕೇ ಉಳಿದಿವೆ. ಕಂಪ್ಯೂಟರಿಗೆ ಜೋಡಿಸುವ ಕ್ರೇಡಲ್ ಒಂದಿದೆ.

2001ರಲ್ಲಿ ನಮ್ಮ ಹಳೇ ವಿದ್ಯಾರ್ಥಿಯೊಬ್ಬರು ಹೊರದೇಶದಿಂದ ತಂದುಕೊಟ್ಟಿದ್ದು. ಆಗ ಇವನ್ನು ಯಾವ ರಿಜಿಸ್ಟರ್‌ಗೆ ಸೇರಿಸಬೇಕು ಅಂತ ಯಾರಿಗೂ ಗೊತ್ತಾಗಲಿಲ್ಲ. ಫರ್ನಿಚರಾ, ಪುಸ್ತಕಾನಾ? ಕೊನೆಗೆ ನಾನೇ ಪುಸ್ತಕ ಅಂತ ಬರೆದೆ. ಅಕ್ಸೆಷನ್ ನಂಬರ್ ಹಾಕಿದೆ. ಹಿಂಬದಿಗೆ ಡೇಟ್ ಸ್ಲಿಪ್ ಕೂಡ ಅಂಟಿಸಿದೆ. ಮೆಡಿಸಿನ್ ಪಿಜಿಗಳಿಗೆ ಹದಿನೈದು ದಿನಕ್ಕೆ ಇಶ್ಯೂ ಮಾಡುತ್ತಿದ್ದೆವು. ಸ್ಲಿಪ್‌ನಲ್ಲಿ ಕೊನೆಯ ಮೊಹರು 2004ರ ಆಗಸ್ಟ್‌ನದು.

ಪುಸ್ತಕವಾದರೆ ರದ್ದು ಮಾಡೋಕೆ ಒಂದು ಕ್ರಮ ಇದೆ. ಇದಕ್ಕೆ ಏನು ಮಾಡಲಿ? ಗುಜರಿಗೆ ಕೊಡೋಕೆ ಮನಸ್ಸು ಬರ್ತಿಲ್ಲ.

ಪಿಜಿ ಸೆಕೆಂಡ್ ಇಯರ್
ಭಾನುವಾರ ಬೆಳಿಗ್ಗೆ 10:40

ಗುಜರಿಗೆ ಹಾಕಿ ಸರ್. ಈಗ ಎಲ್ಲಾ ಮೊಬೈಲಲ್ಲೇ ಇದೆ.

ಓಹಾಯೋ ಡಾಕ್ಟ್ರು
ಭಾನುವಾರ ಬೆಳಿಗ್ಗೆ 11:25

ಅಯ್ಯೋ, ಹಾಕಬೇಡಿ ಸರ್. ನನಗೊಂದು ಕೊಡಿ, ಬೇಕಾದರೆ ಕೊರಿಯರ್ ಖರ್ಚು ನಂದೇ.

ನಾನು ಇಲ್ಲಿ ಅಮೆರಿಕದಲ್ಲಿ ರೆಸಿಡೆನ್ಸಿಗೆ, ಅಂದರೆ ನಿಮ್ಮ ಪಿಜಿ ತರಹದ ತರಬೇತಿಗೆ, ಸೇರಿದ್ದು 2000ದಲ್ಲಿ. ಆಗ ನಮ್ಮ ಬಿಳಿ ಕೋಟಿನ ಜೇಬುಗಳನ್ನು ನೋಡಬೇಕಿತ್ತು. ಒಂದು ಜೇಬಿನಲ್ಲಿ ಆಂಟಿಬಯಾಟಿಕ್‌ಗಳ ಸಣ್ಣ ಪುಸ್ತಕ, ಇನ್ನೊಂದರಲ್ಲಿ ವಾಷಿಂಗ್ಟನ್ ಮ್ಯಾನುಯಲ್ ಅನ್ನೋ ಚಿಕಿತ್ಸೆಯ ಕೈಪಿಡಿ. ಮೇಲಿನ ಜೇಬಿನಲ್ಲಿ ನಾಲ್ಕಾಗಿ ಮಡಚಿದ ರೋಗಿಗಳ ಪಟ್ಟಿ. ಕೋಟು ಒಂದು ಕಡೆಗೆ ಜೋತು ಬೀಳುತ್ತಿತ್ತು. ನಮ್ಮ ಸೀನಿಯರ್ ಹತ್ತಿರ ಒಂದು ಪಾಮ್ ಇತ್ತು, ಅದರಲ್ಲಿ ಇಪೊಕ್ರೆಟಿಸ್ ಅನ್ನೋ ಔಷಧಿ ಕೋಶ. ಔಷಧಿ ಹೆಸರು ಬರೆದರೆ ಡೋಸು, ಅಡ್ಡ ಪರಿಣಾಮ, ಯಾವುದರ ಜೊತೆ ಯಾವುದು ಕೊಡಬಾರದು ಅನ್ನೋದು ಎಲ್ಲಾ ಬರುತ್ತಿತ್ತು. ಅದೂ ಪುಕ್ಕಟೆ. ಆ ಕಂಪನಿ ಶುರುವಾಗಿದ್ದು 1998ರಲ್ಲಿ. ಒಂದೆರಡು ವರ್ಷದಲ್ಲೇ ನಮ್ಮ ವಾರ್ಡಿನಲ್ಲಿ ಅದಿಲ್ಲದ ರೆಸಿಡೆಂಟ್ ಸಿಗುತ್ತಿರಲಿಲ್ಲ.

ನನ್ನ ಮೊದಲ ವಾರದ ಕಥೆ ಕೇಳಿ. ಉಬ್ಬಸದ ರೋಗಿ. ನಾನು ಬಹಳ ಹುಮ್ಮಸ್ಸಿನಿಂದ ಪಾಮ್ ತೆಗೆದು ಸಾಲ್ಬುಟಮಾಲ್ ಅಂತ ಬರೆದೆ. ಇಲ್ಲ ಅಂತು. ಸ್ಪೆಲಿಂಗ್ ಬದಲಾಯಿಸಿದೆ. ಇಲ್ಲ. ಇಷ್ಟು ದೊಡ್ಡ ದೇಶದಲ್ಲಿ ಈ ಔಷಧಿ ಇಲ್ವಾ ಅಂತ ಗಾಬರಿ. ನರ್ಸ್ ನಕ್ಕು 'ಅಲ್ಬ್ಯುಟೆರಾಲ್ ಅಂತ ಹಾಕಿ' ಅಂದರು. ಅದೇ ಔಷಧಿ, ಇಲ್ಲಿ ಬೇರೆ ಹೆಸರು. ಪ್ಯಾರಾಸಿಟಮಾಲ್ ಇಲ್ಲಿ ಅಸಿಟಮಿನೋಫೆನ್. ಅಡ್ರಿನಲಿನ್ ಇಲ್ಲಿ ಎಪಿನೆಫ್ರಿನ್. ಪೆಥಿಡಿನ್ ಇಲ್ಲಿ ಮೆಪೆರಿಡಿನ್. ನಾನು ಊರಿನಲ್ಲಿ ಐದೂವರೆ ವರ್ಷ ಕಲಿತಿದ್ದನ್ನು ಆ ಯಂತ್ರ ಗುರುತೇ ಹಿಡಿಯಲಿಲ್ಲ.

ಬರೆಯೋದೂ ಹೊಸದಾಗಿ ಕಲಿಯಬೇಕಿತ್ತು. ಪಾಮ್‌ಗೆ ಗ್ರಾಫಿಟಿ ಅಂತ ಅದರದೇ ಅಕ್ಷರಗಳು. ಇಂಗ್ಲಿಷಿನ ಎ ಬರೆಯಬೇಕಾದರೆ ನಡುವಿನ ಅಡ್ಡಗೆರೆ ಹಾಕಬಾರದು, ಬರೀ ಗುಡಿಸಲಿನ ಸೂರು. ಈಗಲೂ ಅಂಗಡಿ ಚೀಟಿ ಬರೆಯುವಾಗ ನನ್ನ ಎಗೆ ಅಡ್ಡಗೆರೆ ಇರಲ್ಲ. ಹೆಂಡತಿ ಬೈತಾಳೆ.

ಔಷಧಿ ಅಂಗಡಿ
ಭಾನುವಾರ ಮಧ್ಯಾಹ್ನ 12:03

ಇದು ಈಗಲೂ ಇದೆ ಡಾಕ್ಟ್ರೇ. ಹೊರದೇಶದ ಆ್ಯಪ್‌ಗಳಿಗೆ ನಮ್ಮ ಬ್ರಾಂಡ್ ಹೆಸರು ಗೊತ್ತಿಲ್ಲ. ಒಂದೇ ಮಾತ್ರೆಗೆ ಇಲ್ಲಿ ಹತ್ತಾರು ಹೆಸರು. ಒಂದು ಅಕ್ಷರ ಆಚೀಚೆ ಆದರೆ ಒಂದು ಬಿಪಿಗೆ, ಇನ್ನೊಂದು ಅಲರ್ಜಿಗೆ. ನಾನು ಇವತ್ತಿಗೂ ಕೌಂಟರ್ ಕೆಳಗೆ ಔಷಧಿಗಳ ಪಟ್ಟಿ ಇರೋ ಸಿಮ್ಸ್ ಪುಸ್ತಕ ಇಟ್ಟುಕೊಂಡಿದ್ದೀನಿ. ಅಂಚು ಜಿಡ್ಡಾಗಿದೆ, ಆದರೂ ಬಿಡಲ್ಲ.

ಪಿಜಿ ಸೆಕೆಂಡ್ ಇಯರ್
ಭಾನುವಾರ ಮಧ್ಯಾಹ್ನ 12:30

ಹಳೇ ಕಥೆ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಪ್ರಶ್ನೆ ಅದಲ್ಲ. 8 ಎಂಬಿ ಮೆಮೊರಿಯ ಕಪ್ಪು ಬಿಳುಪು ಡಬ್ಬ ಇಟ್ಟುಕೊಂಡು ಏನು ಮಾಡ್ತೀರಿ? ನನ್ನ ಫೋನಲ್ಲಿ ಹ್ಯಾರಿಸನ್ ಪಠ್ಯಪುಸ್ತಕ ಇದೆ, ಕ್ಯಾಲ್ಕ್ಯುಲೇಟರ್ ಇದೆ, ವೈದ್ಯಕೀಯ ಲೇಖನ ಹುಡುಕೋಕೆ ಪಬ್‌ಮೆಡ್ ಇದೆ. ಲೈಬ್ರರಿಗೆ ಕಾಲಿಟ್ಟು ಎಂಟು ತಿಂಗಳಾಯಿತು, ತಪ್ಪು ತಿಳಿಯಬೇಡಿ ಸರ್.

ಬೀರು ಬೀಗದಕೈ
ಭಾನುವಾರ ಮಧ್ಯಾಹ್ನ 2:15

ತಪ್ಪು ಯಾಕೆ ತಿಳಿಯಲಿ? ನಮ್ಮಲ್ಲೂ ಎಸಿ ಇದೆ ಅಂತ ಬರುವವರೇ ಜಾಸ್ತಿ. ಒಂದೇ ಪ್ರಶ್ನೆ ಡಾಕ್ಟ್ರೇ. ನಿಮ್ಮ ಫೋನಿನ ಹ್ಯಾರಿಸನ್ ಎಷ್ಟನೇ ಎಡಿಷನ್? ಯಾರು ಕೊಟ್ಟಿದ್ದು?

ಪಿಜಿ ಸೆಕೆಂಡ್ ಇಯರ್
ಭಾನುವಾರ ಮಧ್ಯಾಹ್ನ 2:21

ಬ್ಯಾಚಿನ ಟೆಲಿಗ್ರಾಂ ಗ್ರೂಪಿನಲ್ಲಿ ಬಂದಿದ್ದು. ಮೊದಲ ಪುಟ ಕಟ್ ಆಗಿದೆ. 😐

ಅರಿವಳಿಕೆ
ಭಾನುವಾರ ಸಂಜೆ 4:50

ಲೈಬ್ರರಿಯನ್ ಸರ್ ಗುರಿ ಇಟ್ಟು ಹೊಡೆದರು!

ನಾನೊಂದು ಹೇಳುತ್ತೇನೆ. 2007ರಲ್ಲಿ ನಾವು ಹೌಸ್ ಸರ್ಜನ್‌ಗಳಿಗೆ ಸಿಪಿಆರ್ ತರಬೇತಿ ಕೊಡುತ್ತಿದ್ದೆವು. ಬೊಂಬೆ ಮಲಗಿಸಿ, ಇಬ್ಬಿಬ್ಬರಾಗಿ ಮಾಡಿಸೋದು. ಒಬ್ಬ ಹುಡುಗ ಹದಿನೈದು ಸಲ ಎದೆ ಒತ್ತಿ ಎರಡು ಸಲ ಉಸಿರು ಕೊಟ್ಟ. 'ಮೂವತ್ತಪ್ಪಾ' ಅಂದೆ. ಅವನು ಜೇಬಿನಿಂದ ಪಾಮ್ ತರಹದ್ದೇ ಒಂದು ಪಾಕೆಟ್ ಪಿಸಿ ತೆಗೆದು ತೋರಿಸಿದ. ನೀಟಾಗಿ 15ಕ್ಕೆ 2 ಅಂತಲೇ ಇತ್ತು. ಅಮೆರಿಕನ್ ಹಾರ್ಟ್ ಅಸೋಸಿಯೇಶನ್ 2005ರ ಕೊನೆಯಲ್ಲೇ ಅದನ್ನು 30ಕ್ಕೆ 2 ಮಾಡಿತ್ತು. ಆ ಸಾಧನ ಅಣ್ಣನಿಂದ ತಮ್ಮನಿಗೆ ಬಂದಿದ್ದು. ಅಣ್ಣ ಹಾಕಿಸಿದ್ದ ಪುಸ್ತಕ ಹಾಗೇ ಇತ್ತು.

ಅದೇ ಹಳೇ ಪುಸ್ತಕ ಕಾಗದದಲ್ಲಿ ಇದ್ದಿದ್ದರೆ ಹುಡುಗನಿಗೆ ಸಂಶಯ ಬರುತ್ತಿತ್ತು ನೋಡಿ. ಹಳದಿ ಪುಟ, ಕಿತ್ತ ಬೈಂಡಿಂಗ್, ಮೇಲೆ ಇಸವಿ. ಪರದೆಯ ಮೇಲೆ ಎಲ್ಲವೂ ನಿನ್ನೆ ಬರೆದ ಹಾಗೆ ಕಾಣುತ್ತೆ. ಅವನು ನನ್ನ ಮಾತಿಗಿಂತ ಅದನ್ನೇ ನಂಬಿದ. ನನಗೆ ಆ ದಿನ ಬೇಜಾರಾಗಿದ್ದು ಅದಕ್ಕೆ.

ಜಾಲಹಳ್ಳಿ ಕ್ರಾಸ್
ಭಾನುವಾರ ರಾತ್ರಿ 8:05

ನಾನು ವೈದ್ಯನಲ್ಲ, ಹಾರ್ಡ್‌ವೇರ್‌ನವನು. ಆದರೂ ಬಾಯಿ ಹಾಕ್ತೀನಿ.

ಪಾಮ್ ಮಾಡಿದ ಜೆಫ್ ಹಾಕಿನ್ಸ್ ಮೊದಲು ಒಂದು ಮರದ ತುಂಡು ಕತ್ತರಿಸಿ ಅಂಗಿ ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದರಂತೆ. ಯಾರಾದರೂ ಮೀಟಿಂಗ್‌ಗೆ ಕರೆದರೆ ಆ ಮರದ ತುಂಡು ತೆಗೆದು ತಾರೀಕು ಬರೆದ ಹಾಗೆ ಮಾಡೋದು. ಜೇಬಿಗೆ ಹಿಡಿಸುತ್ತಾ, ಕೈಗೆ ಹಿತವಾಗುತ್ತಾ ಅಂತ ನೋಡಿಕೊಂಡು 1996ರಲ್ಲಿ ಪೈಲಟ್ ಅನ್ನೋ ಮೊದಲ ಪಾಮ್ ತಂದರು. ಅದಕ್ಕೂ ಮೂರು ವರ್ಷ ಮುಂಚೆ ಬಂದಿದ್ದ ಆ್ಯಪಲ್ ನ್ಯೂಟನ್ ಸೋತಿದ್ದಕ್ಕೆ ಅದರ ಗಾತ್ರವೂ ಒಂದು ಕಾರಣ. ಜೇಬಿಗೆ ಹೋಗುತ್ತಿರಲಿಲ್ಲ.

ಆದರೆ ನಮ್ಮ ಬೆಂಗಳೂರಿನ ಕಥೆ ಯಾರೂ ಎತ್ತಲೇ ಇಲ್ಲವಲ್ಲ. ಸಿಂಪ್ಯೂಟರ್! ಅದೂ ಅಂಗೈ ಕಂಪ್ಯೂಟರೇ. ಟಾಟಾ ಇನ್‌ಸ್ಟಿಟ್ಯೂಟಿನ ಮೇಷ್ಟ್ರುಗಳು ಮತ್ತು ಎನ್‌ಕೋರ್ ಕಂಪನಿಯವರು ಸೇರಿ ಯೋಚಿಸಿದ್ದು. ಲಿನಕ್ಸ್ ಮೇಲೆ ನಡೆಯುತ್ತಿತ್ತು. 2004ರಲ್ಲಿ ಬಿಇಎಲ್‌ನವರು ಅಮಿಡಾ ಅನ್ನೋ ಹೆಸರಿನಲ್ಲಿ ತಯಾರಿಸಿ ಮಾರಿದರು. ನಾನು ಒಂದು ಪ್ರದರ್ಶನದಲ್ಲಿ ಕೈಯಲ್ಲಿ ಹಿಡಿದಿದ್ದೆ. ಓರೆ ಮಾಡಿದರೆ ಪುಟ ತಿರುಗುತ್ತಿತ್ತು. ಐಫೋನ್ ಹುಟ್ಟೋಕೆ ಇನ್ನೂ ಮೂರು ವರ್ಷ ಇತ್ತು ಸ್ವಾಮಿ! ಅದು ಕನ್ನಡ ಓದಿ ಹೇಳುತ್ತಿತ್ತು ಕೂಡ. ಧ್ವನಿ ಅಂತ ಅದರ ತಂತ್ರಾಂಶದ ಹೆಸರು. ಸ್ವಲ್ಪ ಮೂಗಿನಲ್ಲಿ ಮಾತಾಡಿದ ಹಾಗೆ ಇತ್ತು, ಆದರೆ ಕನ್ನಡ ಅಂತ ಗೊತ್ತಾಗುತ್ತಿತ್ತು.

ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಸ್ಮಾರ್ಟ್ ಕಾರ್ಡ್ ಉಪಾಯ. ಒಂದು ಯಂತ್ರ ಇಡೀ ಊರಿಗೆ. ಪ್ರತಿಯೊಬ್ಬರಿಗೂ ಅವರವರ ಕಾರ್ಡು. ಕಾರ್ಡು ತೂರಿಸಿದರೆ ನಿಮ್ಮ ಮಾಹಿತಿ, ತೆಗೆದರೆ ಅದು ನಿಮ್ಮ ಜೊತೆಯೇ ಹೋಗುತ್ತೆ. ಆಸ್ಪತ್ರೆ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಆದರೆ ಅಂದುಕೊಂಡಷ್ಟು ಮಾರಾಟವಾಗದೆ ಸಾವಿರಗಳಲ್ಲೇ ನಿಂತಿತು. ಸರ್ಕಾರಗಳು ದೊಡ್ಡ ಆರ್ಡರ್ ಕೊಡಲಿಲ್ಲ. ಅಷ್ಟರಲ್ಲಿ ಮೊಬೈಲ್ ಅಗ್ಗ ಆಯಿತು.

ಸಬ್ ಸೆಂಟರ್ ಸಿಸ್ಟರ್
ಸೋಮವಾರ ರಾತ್ರಿ 9:47

ಎರಡು ದಿನದಿಂದ ಓದ್ತಾ ಇದ್ದೀನಿ. ಬರೆಯೋಣವೋ ಬೇಡವೋ ಅಂತ ಯೋಚನೆ ಮಾಡಿದೆ. ನಾನು ಎಎನ್‌ಎಂ, 22 ವರ್ಷ ಸರ್ವೀಸು. ಮಲೆನಾಡಿನ ಕಡೆ. ಊರಿನವರು ಈಗಲೂ ನರ್ಸಮ್ಮ ಅಂತಲೇ ಕರೆಯೋದು.

ನೀವೆಲ್ಲ ಜೇಬಿನ ಯಂತ್ರದಿಂದ ಏನು ತಿಳ್ಕೊಂಡ್ರಿ ಅಂತ ಹೇಳ್ತಿದ್ದೀರಿ. ನನಗೂ ಯಂತ್ರ ಕೊಟ್ಟಿದ್ದಾರೆ. ಮೊದಲು ಟ್ಯಾಬ್, ಆಮೇಲೆ ಫೋನ್. ಅದರಲ್ಲಿ ನಾನು ತಿಳ್ಕೊಂಡಿದ್ದು ಏನೂ ಇಲ್ಲ. ಅದಕ್ಕೆ ನಾನೇ ಎಲ್ಲಾ ಹೇಳಬೇಕು. ಬಸುರಿ ಹೆಸರು, ಗಂಡನ ಹೆಸರು, ತಾಯಿ ಕಾರ್ಡ್ ನಂಬರ್, ಕೊನೆಯ ಮುಟ್ಟಿನ ತಾರೀಕು, ತೂಕ, ಬಿಪಿ, ಹಿಮೋಗ್ಲೋಬಿನ್, ಬ್ಯಾಂಕ್ ಖಾತೆ. ಒಂದು ಖಾನೆ ಬಿಟ್ಟರೆ ಮುಂದೆ ಹೋಗಲ್ಲ. ನಮ್ಮ ಕಡೆ ನೆಟ್‌ವರ್ಕ್ ಸಿಗೋದು ದೇವಸ್ಥಾನದ ಹಿಂದಿನ ದಿಬ್ಬದ ಮೇಲೆ. ಸಂಜೆ ಅಲ್ಲಿ ಹೋಗಿ ನಿಂತು ಕಳಿಸಬೇಕು. ಮಳೆಗಾಲದಲ್ಲಿ ಒಂದು ಕೈಲಿ ಛತ್ರಿ, ಒಂದು ಕೈಲಿ ಫೋನು, ಕಾಲಿಗೆ ಜಿಗಣೆ. ಮತ್ತೆ ಅದೇ ಮಾಹಿತಿಯನ್ನ ಪುಸ್ತಕದಲ್ಲೂ ಬರೀಬೇಕು. ರಿಜಿಸ್ಟರ್ ಬಿಡಿ ಅಂತ ಇವತ್ತಿನವರೆಗೂ ಯಾರೂ ಹೇಳಿಲ್ಲ.

ಕಳೆದ ವರ್ಷ ಒಂದು ಮನೆಗೆ ಹೋಗಿದ್ದೆ. ಎಂಟು ತಿಂಗಳ ಬಸುರಿ. ಕಾಲು ಊತ, ತಲೆನೋವು ಅಂದಳು. ಬಿಪಿ ನೋಡಿದೆ, ಜಾಸ್ತಿ ಇತ್ತು. ಆ್ಯಪ್‌ನಲ್ಲಿ ತುಂಬಿದೆ. 'ಸೇವ್ ಆಯಿತು' ಅಂತು. ಅಷ್ಟೇ. ಮುಂದೇನು ಮಾಡಬೇಕು ಅಂತ ಅದು ಹೇಳಲಿಲ್ಲ. ನಾನು ಬ್ಯಾಗಿನಿಂದ ನನ್ನ ಡೈರಿ ತೆಗೆದೆ. ಟ್ರೇನಿಂಗ್‌ನಲ್ಲಿ ಬರ್ಕೊಂಡಿದ್ದು. ಬಿಪಿ ಏರಿದ ಬಸುರಿಗೆ ಫಿಟ್ಸ್ ಬರದ ಹಾಗೆ ಕೊಡೋ ಮೆಗ್ನೀಷಿಯಂ ಸಲ್ಫೇಟ್ ಮೊದಲ ಡೋಸ್ ಯಾವಾಗ ಕೊಡಬೇಕು, ಹೇಗೆ ಕೊಡಬೇಕು, ಎಲ್ಲಿಗೆ ಕಳಿಸಬೇಕು ಅಂತ ಅದರಲ್ಲಿದೆ. ಆ ಪುಟದ ಮೂಲೆ ಹರಿದಿತ್ತು, ಸೆಲ್ಲೋಟೇಪ್ ಹಾಕಿದ್ದೆ. ಅದನ್ನ ನೋಡ್ಕೊಂಡು ಪಿಎಚ್‌ಸಿ ಡಾಕ್ಟ್ರಿಗೆ ಫೋನ್ ಮಾಡಿ, ಜೀಪ್ ಕರೆಸಿ ಕಳಿಸಿದೆ. ತಾಯಿ, ಮಗು ಚೆನ್ನಾಗಿದ್ದಾರೆ.

ಡಾಕ್ಟ್ರ ಫೋನು ಡಾಕ್ಟ್ರಿಗೆ ಉತ್ತರ ಕೊಡುತ್ತೆ. ನನ್ನ ಫೋನು ನನ್ನ ಹತ್ತಿರ ಉತ್ತರ ಕೇಳುತ್ತೆ. ಇಷ್ಟೇ ನನಗನ್ನಿಸಿದ್ದು. ತಪ್ಪಿದ್ದರೆ ಕ್ಷಮಿಸಿ.

ಓಹಾಯೋ ಡಾಕ್ಟ್ರು
ಸೋಮವಾರ ರಾತ್ರಿ 10:30

ಸಿಸ್ಟರ್, ತಪ್ಪೇನಿಲ್ಲ. ಎರಡು ಸಲ ಓದಿದೆ.

ಕಂಪಾಲ ರಿಟರ್ನ್
ಮಂಗಳವಾರ ಬೆಳಿಗ್ಗೆ 7:20

ಸಿಸ್ಟರ್ ಹೇಳಿದ ಕೊನೆಯ ಮಾತಿಗಾಗಿ ಇಷ್ಟು ಬೆಳಿಗ್ಗೆ ಕೂತು ಬರೀತಿದ್ದೀನಿ. ನಾನು ಸಾರ್ವಜನಿಕ ಆರೋಗ್ಯದ ಕೆಲಸದಲ್ಲಿ ಕೆಲವು ವರ್ಷ ಉಗಾಂಡದಲ್ಲಿದ್ದೆ.

ಮೊದಲು ನಮ್ಮ ದೇಶದ್ದು ಹೇಳಿಬಿಡ್ತೀನಿ. ಎಎನ್‌ಎಂಗಳ ಕೈಗೆ ಕಂಪ್ಯೂಟರ್ ಕೊಡೋದು ನಿನ್ನೆ ಮೊನ್ನೆಯ ಯೋಚನೆ ಅಲ್ಲ. ತೊಂಬತ್ತರ ದಶಕದಲ್ಲೇ ರಾಜಸ್ಥಾನದ ಅಜ್ಮೇರ್ ಕಡೆ ನ್ಯೂಟನ್ ಕೊಟ್ಟು ಪ್ರಯೋಗ ಮಾಡಿದ್ದರು. ಆಮೇಲೆ ಆಗಿನ ಆಂಧ್ರದ ನಲ್ಗೊಂಡದಲ್ಲಿ ಇನ್ನೊಂದು. ಎರಡರ ಗುರಿಯೂ ಒಂದೇ. ನರ್ಸಮ್ಮನ ಚೀಲದಲ್ಲಿರುವ ರಿಜಿಸ್ಟರ್ ಹೊರೆ ಇಳಿಸೋದು. ಗುರಿ ಒಳ್ಳೆಯದೇ. ಆದರೆ ನೋಡಿ, ಆಗಲೂ ಯೋಚನೆ ಶುರುವಾಗಿದ್ದು ರಿಜಿಸ್ಟರ್‌ನಿಂದ. ಆಕೆಗೆ ಓದೋಕೆ ಏನು ಬೇಕು ಅನ್ನೋದರಿಂದ ಅಲ್ಲ.

ಉಗಾಂಡದಲ್ಲಿ ಸ್ವಲ್ಪ ಬೇರೆ ದಾರಿ ಹಿಡಿದರು. ಸ್ಯಾಟೆಲೈಫ್ ಅನ್ನೋ ಸಂಸ್ಥೆ, ಮಕೆರೆರೆ ಯೂನಿವರ್ಸಿಟಿಯವರು, ಕೆನಡಾದ ದುಡ್ಡು. 2003ರಲ್ಲಿ ಉಗಾಂಡ ಹೆಲ್ತ್ ಇನ್‌ಫರ್ಮೇಶನ್ ನೆಟ್‌ವರ್ಕ್ ಅಂತ ಶುರು ಮಾಡಿದರು. ಎಂಬಾಲೆ, ರಕಾಯ್ ಜಿಲ್ಲೆಗಳಲ್ಲಿ. ಆರೋಗ್ಯ ಕಾರ್ಯಕರ್ತರಿಗೆ ಕೊಟ್ಟಿದ್ದು ಇದೇ ಪಾಮ್ ಜಾತಿಯ ಯಂತ್ರಗಳು.

ಕೆಲಸ ಹೇಗೆ ನಡೀತಿತ್ತು ಅಂದರೆ, ಆರೋಗ್ಯ ಕೇಂದ್ರದಲ್ಲಿ ಗೋಡೆಗೆ ಒಂದು ಸಣ್ಣ ಪೆಟ್ಟಿಗೆ. ಅದರೊಳಗೆ ಬ್ಯಾಟರಿ, ಮೆಮೊರಿ, ಮೊಬೈಲ್ ಸಿಗ್ನಲ್‌ಗೆ ಒಂದು ಮೋಡೆಮ್. ಕಾರ್ಯಕರ್ತೆ ತನ್ನ ಪಾಮ್ ತಂದು ಆ ಪೆಟ್ಟಿಗೆ ಮುಂದೆ ಹಿಡಿಯಬೇಕು. ಟಿವಿ ರಿಮೋಟ್ ಹಿಡಿದ ಹಾಗೆ. ಇನ್‌ಫ್ರಾರೆಡ್ ಬೆಳಕಿನಲ್ಲಿ ಆಕೆ ತುಂಬಿದ ಫಾರಂಗಳು ಪೆಟ್ಟಿಗೆಗೆ ಹೋಗುತ್ತವೆ. ಅದೇ ಹೊತ್ತಿಗೆ ಪೆಟ್ಟಿಗೆಯಿಂದ ಆಕೆಯ ಪಾಮ್‌ಗೆ ಓದುವ ಸಾಮಗ್ರಿ ಇಳಿಯುತ್ತದೆ. ಚಿಕಿತ್ಸೆಯ ಮಾರ್ಗಸೂಚಿ, ರೋಗಗಳ ಸುದ್ದಿ, ಇಮೇಲ್. ಪೆಟ್ಟಿಗೆ ತನಗೆ ಸಿಗ್ನಲ್ ಸಿಕ್ಕಾಗ ರಾಜಧಾನಿ ಕಂಪಾಲದ ಜೊತೆ ಮಾತಾಡಿಕೊಳ್ಳುತ್ತದೆ. ದಿಬ್ಬ ಹತ್ತೋ ಕೆಲಸ ಕಾರ್ಯಕರ್ತೆಯದಲ್ಲ, ಪೆಟ್ಟಿಗೆಯದು.

ಒಂದು ಫಾರಂ ಕೊಟ್ಟರೆ ಒಂದು ಪುಟ ಓದೋಕೆ ಸಿಗುತ್ತೆ. ಈ ಕೊಡು-ಕೊಳ್ಳುವ ಲೆಕ್ಕ ನನಗೆ ಬಹಳ ಇಷ್ಟವಾಗಿತ್ತು. ಓದುವ ಸಾಮಗ್ರಿ ಆರಿಸಿ, ಸಣ್ಣದು ಮಾಡಿ, ಆ ಪುಟ್ಟ ಪರದೆಗೆ ಹೊಂದಿಸೋದು ಯಂತ್ರದಿಂದ ಆಗುವ ಕೆಲಸ ಅಲ್ಲ. ಯಾರೋ ಕೂತು ಮಾಡಬೇಕು. ಅದು ಲೈಬ್ರರಿಯವರ ಕೆಲಸವೇ ಅಲ್ವಾ?

ಪಿಜಿ ಸೆಕೆಂಡ್ ಇಯರ್
ಮಂಗಳವಾರ ಬೆಳಿಗ್ಗೆ 8:02

ಇಪ್ಪತ್ತು ವರ್ಷದ ಹಿಂದೆಯೇ ಇಷ್ಟು ಮಾಡಿದ್ದರಾ? ಹಾಗಾದರೆ ಅದು ಯಾಕೆ ಎಲ್ಲಾ ಕಡೆ ಹಬ್ಬಲಿಲ್ಲ?

ಕಂಪಾಲ ರಿಟರ್ನ್
ಮಂಗಳವಾರ ಬೆಳಿಗ್ಗೆ 8:40

ಪ್ರಾಜೆಕ್ಟ್ ದುಡ್ಡಿಗೆ ಕೊನೆಯ ತಾರೀಕು ಇರುತ್ತೆ ಡಾಕ್ಟ್ರೇ. ಪಾಮ್ ಕಂಪನಿಯೇ ಆಮೇಲೆ ಉಳಿಯಲಿಲ್ಲ. ಮೊಬೈಲ್ ಬಂದ ಮೇಲೆ ಮಾಹಿತಿ ಮೇಲಕ್ಕೆ ಕಳಿಸುವ ಭಾಗ ಎಲ್ಲರಿಗೂ ಬೇಕಾಯಿತು, ಎಲ್ಲಾ ದೇಶದಲ್ಲೂ ಹಬ್ಬಿತು. ಓದೋಕೆ ಕೆಳಕ್ಕೆ ಕಳಿಸುವ ಭಾಗಕ್ಕೆ ಮಾಲೀಕರು ಸಿಗಲಿಲ್ಲ.

ಇನ್ನೊಂದು ವಿಷಯ. ಬಡ ದೇಶಗಳಿಗೆ ಮೆಡಿಕಲ್ ಜರ್ನಲ್ ಪುಕ್ಕಟೆ ಕೊಡುವ ಹಿನಾರಿ ಯೋಜನೆ 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶುರು ಮಾಡಿತು. ಉಗಾಂಡ ಆ ಪಟ್ಟಿಯಲ್ಲಿತ್ತು. ಭಾರತ ಇರಲಿಲ್ಲ. ಕಂಪಾಲದಲ್ಲಿ ಕೂತು ನಾನು ಓದುತ್ತಿದ್ದ ಜರ್ನಲ್ ಹುಬ್ಬಳ್ಳಿಯ ಗೆಳೆಯನಿಗೆ ಸಿಗುತ್ತಿರಲಿಲ್ಲ. ಮೇಲ್‌ನಲ್ಲಿ ಕಳಿಸು ಅಂತಿದ್ದ.

ಬೀರು ಬೀಗದಕೈ
ಮಂಗಳವಾರ ಮಧ್ಯಾಹ್ನ 1:35

ಹೌದು. ಅದಕ್ಕೇ 2003ರಲ್ಲಿ ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದವರು ಹೆಲಿನೆಟ್ ಶುರು ಮಾಡಿದ್ದು. ಕಾಲೇಜುಗಳೆಲ್ಲ ಸೇರಿ ಒಟ್ಟಿಗೆ ಜರ್ನಲ್ ಕೊಳ್ಳೋದು. ಒಂದು ಕಾಲೇಜಿಗೆ ಕನಸಲ್ಲೂ ಕೊಳ್ಳಲಾಗದ್ದು ಎಲ್ಲರಿಗೂ ಸಿಕ್ಕಿತು. ಮೊದಲ ದಿನ ನಾನು ಬೆರಗಾಗಿ ನೋಡುತ್ತಾ ಕೂತಿದ್ದೆ. ಆದರೆ ನಮ್ಮ ಕಾಲೇಜಿನವರು ನೆಟ್ ವೈರನ್ನು ಲೈಬ್ರರಿವರೆಗೆ ಎಳೆದರು, ವಾರ್ಡ್‌ವರೆಗೆ ಎಳೆಯಲಿಲ್ಲ. ರೋಗಿ ಇರೋದು ಮೂರನೇ ಮಹಡಿ, ಜರ್ನಲ್ ಇರೋದು ನೆಲಮಹಡಿ. ನಡುವೆ ಓಡಾಡುತ್ತಿದ್ದದ್ದು ಈ ಆರು ಪಾಮ್.

ಇವತ್ತು ಊಟದ ಹೊತ್ತಿನಲ್ಲಿ ಎರಡು ಸಣ್ಣ ಸೆಲ್ ತರಿಸಿದೆ. ಎರಡನೇ ನಂಬರಿನ ಪಾಮ್‌ಗೆ ಹಾಕಿದೆ. ಸ್ಪ್ರಿಂಗ್‌ಗೆ ಹಸಿರು ಕಿಲುಬು ಹಿಡಿದಿತ್ತು, ರಬ್ಬರ್‌ನಲ್ಲಿ ಉಜ್ಜಿದೆ. ಗುಂಡಿ ಒತ್ತಿದೆ. ಆಯಿತು, ಸತ್ತಿದೆ ಅಂದುಕೊಂಡೆ. ಮತ್ತೊಮ್ಮೆ ಒತ್ತಿದೆ. ಬೂದು ಪರದೆ ಕಣ್ಣು ಬಿಟ್ಟಿತು! ನಮ್ಮ ಅಟೆಂಡರ್ ಚಪ್ಪಾಳೆ ಹೊಡೆದ.

ಆದರೆ ಒಳಗೆ ಏನೂ ಇಲ್ಲ. ಸ್ವಾಗತ ಅಂತ ಹೇಳಿ, ಗುರಿಯ ನಡುವೆ ಕಡ್ಡಿಯಿಂದ ಮುಟ್ಟಿ ಅಂತ ಕೇಳಿತು. ಹೊಸದಾಗಿ ಅಂಗಡಿಯಿಂದ ತಂದಾಗ ಕೇಳುತ್ತಿದ್ದ ಹಾಗೆ. ಇದರ ಮೆಮೊರಿ ಸೆಲ್ ಇರುವಷ್ಟು ದಿನ ಮಾತ್ರ. ಸೆಲ್ ಬದಲಿಸುವಾಗಲೂ ನಿಮಿಷದೊಳಗೆ ಬದಲಿಸಬೇಕಿತ್ತು. ಸತ್ತರೆ ಹಾಕಿದ್ದೆಲ್ಲ ಹೋಯಿತು. ವಾರಕ್ಕೊಮ್ಮೆ, ಶನಿವಾರ, ಆರೂ ವಾಪಸ್ ತರಿಸಿ ಕ್ರೇಡಲ್‌ನಲ್ಲಿ ಕೂರಿಸಿ ಗುಂಡಿ ಒತ್ತುತ್ತಿದ್ದೆ. ಹಾಟ್‌ಸಿಂಕ್ ಅಂತ ಅದಕ್ಕೆ ಹೆಸರು. ಔಷಧಿ ಪಟ್ಟಿ ಹೊಸದಾಗುತ್ತಿತ್ತು. ಹೊಸ ಲೇಖನಗಳ ಸಾರಾಂಶ ನಾನೇ ಆರಿಸಿ ಹಾಕುತ್ತಿದ್ದೆ, ಯುನಿಟ್‌ಗೆ ಐದೈದು. ಒಂದು ಟೀ ಕುಡಿಯುವಷ್ಟು ಹೊತ್ತಿನಲ್ಲಿ ಆರೂ ಮುಗಿಯುತ್ತಿದ್ದವು.

ಇನ್ನೊಂದು ಮಾತು, ಯಾರಿಗೂ ಹೇಳಿರಲಿಲ್ಲ. 2004ರಲ್ಲಿ ನನ್ನನ್ನು ಎರಡು ವರ್ಷ ಆಡಳಿತ ವಿಭಾಗಕ್ಕೆ ಹಾಕಿದರು. ಹೋಗುವಾಗ ನನ್ನ ಜಾಗಕ್ಕೆ ಬಂದವರಿಗೆ ಪುಸ್ತಕದ ಚಾರ್ಜ್ ಕೊಟ್ಟೆ, ಬೀಗದ ಕೈ ಕೊಟ್ಟೆ, ಫೈನ್ ಪುಸ್ತಕ ಕೊಟ್ಟೆ. ಶನಿವಾರದ ಕೆಲಸ ಹೇಳಿಕೊಡಲಿಲ್ಲ. ಅದು ಯಾವ ಪಟ್ಟಿಯಲ್ಲೂ ಇರಲಿಲ್ಲ, ನನಗೂ ಹೊಳೆಯಲಿಲ್ಲ. ವಾಪಸ್ ಬಂದಾಗ ಆರೂ ಬೀರುವಿನಲ್ಲಿದ್ದವು. ಯಂತ್ರ ಹಾಳಾಯಿತು ಅಂತ ಎಲ್ಲರಿಗೂ ಹೇಳಿಕೊಂಡು ಬಂದೆ. ಇವತ್ತು ನೋಡಿದರೆ ಯಂತ್ರಕ್ಕೆ ಏನೂ ಆಗಿಲ್ಲ.

ಅರಿವಳಿಕೆ
ಮಂಗಳವಾರ ಸಂಜೆ 6:10

ಸರ್, ಒಂದು ನಿಮಿಷ. ವಾರಕ್ಕೆ ಐದು ಲೇಖನ ಆರಿಸಿ ಹಾಕುತ್ತಿದ್ದಿರಾ? ಈಗ ನನ್ನ ಫೋನಿಗೆ ಆ ಕೆಲಸ ಯಾರು ಮಾಡುತ್ತಿದ್ದಾರೆ ಅಂತ ಯೋಚಿಸಿದೆ. ಔಷಧಿ ಕಂಪನಿಯ ರೆಪ್! ವಾರಕ್ಕೆರಡು ಪಿಡಿಎಫ್ ತಪ್ಪದೇ ಬರುತ್ತೆ, ಅವರ ಔಷಧಿ ಗೆದ್ದ ಲೇಖನ ಮಾತ್ರ.

ಔಷಧಿ ಅಂಗಡಿ
ಮಂಗಳವಾರ ಸಂಜೆ 6:14

ನನಗೂ ಬರುತ್ತೆ. ಕ್ಯಾಲೆಂಡರ್ ಜೊತೆ. 😄

ಪಿಜಿ ಸೆಕೆಂಡ್ ಇಯರ್
ಮಂಗಳವಾರ ರಾತ್ರಿ 11:50

ಡ್ಯೂಟಿಯಲ್ಲಿದ್ದೀನಿ, ಚಿಕ್ಕದಾಗಿ ಹೇಳ್ತೀನಿ.

ಇವತ್ತು ಒಬ್ಬ ಅಜ್ಜನಿಗೆ ಕಿಡ್ನಿ ನೋಡಿಕೊಂಡು ಆಂಟಿಬಯಾಟಿಕ್ ಡೋಸ್ ಇಳಿಸಬೇಕಿತ್ತು. ಕ್ಯಾಲ್ಕ್ಯುಲೇಟರ್ ಆ್ಯಪ್ ತೆಗೆದೆ. ಕಿಡ್ನಿ ಹೇಗಿದೆ ಅಂತ ತೋರಿಸೋ ರಕ್ತದ ಕ್ರಿಯಾಟಿನಿನ್ 2 ಅಂತ ಹಾಕಿದರೆ ಏನೋ ಅಸಂಬದ್ಧ ಉತ್ತರ. ಆ್ಯಪ್ ಮೈಕ್ರೊಮೋಲ್‌ನಲ್ಲಿ ಲೆಕ್ಕ ಮಾಡುತ್ತಿತ್ತು, ನಮ್ಮ ಲ್ಯಾಬ್ ಮಿಲಿಗ್ರಾಂನಲ್ಲಿ ಕೊಡುತ್ತೆ. ನಡುವೆ 88 ಪಟ್ಟು ವ್ಯತ್ಯಾಸ. ಉತ್ತರ ವಿಚಿತ್ರವಾಗಿದ್ದಕ್ಕೆ ಗೊತ್ತಾಯಿತು. ಆಮೇಲೆ ಕಾಗದದ ಮೇಲೆ ಮಾಡಿದೆ. 140ರಲ್ಲಿ ವಯಸ್ಸು ಕಳೆ, ತೂಕದಿಂದ ಗುಣಿಸು, 72 ಮತ್ತು ಕ್ರಿಯಾಟಿನಿನ್ ಗುಣಲಬ್ಧದಿಂದ ಭಾಗಿಸು. 1976ರ ಸೂತ್ರ. ಒಂದು ನಿಮಿಷ ಹಿಡಿಯಿತು.

ಇನ್ನೊಂದು. ನಾನು ಫೋನ್ ನೋಡುವಾಗ ಅಜ್ಜನ ಮಗ ಪಕ್ಕದವರಿಗೆ ಹೇಳಿದ್ದು ಕೇಳಿಸಿತು. 'ನೋಡಿ, ಡಾಕ್ಟ್ರು ವಾಟ್ಸಾಪ್ ನೋಡ್ತಾ ನಿಂತವ್ರೆ.'

ಓಹಾಯೋ ಡಾಕ್ಟ್ರು
ಬುಧವಾರ ಬೆಳಿಗ್ಗೆ 6:30

ಹ್ಹ ಹ್ಹ. ನನಗೂ ಆಗಿದೆ. ಈಗ ನಾನು ಪರದೆಯನ್ನೇ ಅವರ ಕಡೆ ತಿರುಗಿಸಿ 'ನಿಮ್ಮ ಮಾತ್ರೆ ನೋಡ್ತಿದ್ದೀನಿ, ಇದೋ ಇಲ್ಲಿ' ಅಂತ ತೋರಿಸ್ತೀನಿ. ಪಾಮ್ ಕಾಲದಲ್ಲಿ ಈ ತೊಂದರೆ ಇರಲಿಲ್ಲ. ಅದರಲ್ಲಿ ನೋಡೋಕೆ ಬೇರೆ ಏನೂ ಇರಲಿಲ್ಲವಲ್ಲ. ರೋಗಿಗಳು ಏನೋ ದೊಡ್ಡ ಯಂತ್ರ ಅಂದುಕೊಂಡು ಗೌರವದಿಂದ ನೋಡುತ್ತಿದ್ದರು.

ಅಂದ ಹಾಗೆ ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್‌ನವರು ಆಗ ಪಬ್‌ಮೆಡ್ ಫಾರ್ ಹ್ಯಾಂಡ್‌ಹೆಲ್ಡ್ಸ್ ಅಂತ ಮಾಡಿದ್ದರು. ಚಿತ್ರ ಇಲ್ಲ, ಬಣ್ಣ ಇಲ್ಲ, ಬರೀ ಅಕ್ಷರ. ಯಾರ ರೋಗಿ, ಏನು ಚಿಕಿತ್ಸೆ, ಯಾವುದರ ಜೊತೆ ಹೋಲಿಕೆ, ಏನು ಫಲ ಅಂತ ನಾಲ್ಕು ಖಾನೆ ತುಂಬಿ ಹುಡುಕಬಹುದಿತ್ತು. ಲೈಬ್ರರಿಯವರು ಯೋಚಿಸಿ ಮಾಡಿದ್ದು ಅಂತ ನೋಡಿದರೇ ಗೊತ್ತಾಗುತ್ತಿತ್ತು.

ಸಿಸ್ಟರ್, ನಿಮಗೆ ನೆಟ್ ಇಲ್ಲದೆ ಓದೋಕೆ ಕಿವಿಕ್ಸ್‌ನವರ ವಿಕಿಮೆಡ್ ಅಂತ ಒಂದು ಆ್ಯಪ್ ಇದೆ, ವಿಕಿಪೀಡಿಯದ ವೈದ್ಯಕೀಯ ಲೇಖನಗಳು. ಒಮ್ಮೆ ಇಳಿಸಿಕೊಂಡರೆ ಸಾಕು. ಇಂಗ್ಲಿಷ್‌ನಲ್ಲಿದೆ.

ಸಬ್ ಸೆಂಟರ್ ಸಿಸ್ಟರ್
ಬುಧವಾರ ರಾತ್ರಿ 8:55

ಥ್ಯಾಂಕ್ಸ್ ಡಾಕ್ಟ್ರೇ. ನೋಡ್ತೀನಿ. ನನಗೆ ಇಂಗ್ಲಿಷ್ ನಿಧಾನ. ರಕ್ತ ಹೋಗ್ತಿರೋ ಬಾಣಂತಿ ಮುಂದೆ ಕೂತು ಇಂಗ್ಲಿಷ್ ಓದೋಕಾಗಲ್ಲ. ನನಗೆ ಬೇಕಾಗೋದು ಇಪ್ಪತ್ತು ಪುಟ. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಅಷ್ಟೇ.

ಬೀರು ಬೀಗದಕೈ
ಬುಧವಾರ ರಾತ್ರಿ 9:20

ಸಿಸ್ಟರ್, ನಿಮ್ಮ ಡೈರಿಯ ಪುಟಗಳ ಫೋಟೊ ಕಳಿಸ್ತೀರಾ? ರೋಗಿಗಳ ಹೆಸರು ಇದ್ದರೆ ಮುಚ್ಚಿ ಕಳಿಸಿ. ನಾನು ವೈದ್ಯನಲ್ಲ, ತಿದ್ದೋಕೆ ಹೋಗಲ್ಲ. ನಮ್ಮ ಒಬಿಜಿ, ಅಂದರೆ ಹೆರಿಗೆ ವಿಭಾಗ, ಮತ್ತು ಮಕ್ಕಳ ವಿಭಾಗದವರಿಗೆ ತೋರಿಸ್ತೀನಿ. ಈಗಿನ ಮಾರ್ಗಸೂಚಿ ಜೊತೆ ಒಂದೊಂದೇ ಸಾಲು ಇಟ್ಟು ನೋಡೋಣ. ಮಾರ್ಚ್‌ವರೆಗೆ ನನಗೆ ಶನಿವಾರಗಳು ಇವೆ.

ಸಬ್ ಸೆಂಟರ್ ಸಿಸ್ಟರ್
ಶುಕ್ರವಾರ ಸಂಜೆ 6:40

ಮೂರು ಪುಟ ಮೇಲ್ ಮಾಡಿದೀನಿ ಸರ್. ದಿಬ್ಬದ ಮೇಲೆ ನಿಂತು ಕಳಿಸಿದ್ದು. ಮೊದಲ ಸಲ ನನಗೋಸ್ಕರ ನಿಂತೆ 🙂

ಬೀರು ಬೀಗದಕೈ
ಶನಿವಾರ ಸಂಜೆ 5:30

ನೋಡಿದೆವು ಸಿಸ್ಟರ್. ಒಬಿಜಿಯ ಮೇಡಂ ಒಬ್ಬರು ಒಂದು ಗಂಟೆ ಕೂತರು. ಮೆಗ್ನೀಷಿಯಂ ಸಲ್ಫೇಟ್ ಪುಟ ಸರಿಯಾಗಿದೆಯಂತೆ. ನಿಮ್ಮ ಕೈಬರಹ ನಮ್ಮ ಪಿಜಿಗಳದಕ್ಕಿಂತ ಚೆನ್ನಾಗಿದೆ ಅಂದರು. ಎರಡು ಕಡೆ ಕೆಂಪು ಗುರುತು ಹಾಕಿದ್ದಾರೆ. ಗರ್ಭಿಣಿಯರ ಕಬ್ಬಿಣದ ಮಾತ್ರೆ 100 ಮಿಲಿಗ್ರಾಂ ಅಂತ ಇದೆ, 2018ರ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮ ಬಂದ ಮೇಲೆ ಅದು 60. ಹಾಗೇ ನೀವು ಟಿಟಿ, ಅಂದರೆ ಧನುರ್ವಾಯು ಚುಚ್ಚುಮದ್ದು, ಅಂತ ಬರೆದ ಕಡೆ ಈಗ ಡಿಫ್ತೀರಿಯಾವನ್ನೂ ತಡೆಯುವ ಟಿಡಿ. ಅದು ನಿಮಗೆ ಗೊತ್ತೇ ಇರುತ್ತೆ, ಡೈರಿಯಲ್ಲಿ ತಿದ್ದಿಲ್ಲ ಅಷ್ಟೇ ಅನ್ನಿಸುತ್ತೆ.

ಪ್ರತಿ ಪುಟದ ಕೆಳಗೆ ನೋಡಿದ ತಾರೀಕು ಬರೆಯೋಣ ಅಂತ ಮೇಡಂ ಹೇಳಿದರು. ನಾನು ಒಂದು ಹೆಜ್ಜೆ ಮುಂದೆ ಹೋಗಿ ಡೇಟ್ ಸ್ಲಿಪ್ ಮಾಡಿದ್ದೇನೆ. ಮುಂದೆ ಯಾರು ನೋಡಬೇಕು, ಯಾವಾಗ ನೋಡಬೇಕು ಅಂತ ಎರಡು ಖಾನೆ. ಚಾರ್ಜ್ ಪಟ್ಟಿಯಲ್ಲೂ ಸೇರಿಸಿದ್ದೇನೆ, ಈ ಸಲ ಮರೆತಿಲ್ಲ.

ಪಾಮ್ ವಿಚಾರ: ಐದನ್ನು ಇ-ವೇಸ್ಟ್‌ನವರಿಗೆ ಕೊಡ್ತೀವಿ. ಎರಡನೇ ನಂಬರಿನದು ನನ್ನ ಮೇಜಿನ ಮೇಲಿದೆ. ಓಹಾಯೋ ಡಾಕ್ಟ್ರು ಕ್ಷಮಿಸಬೇಕು, ಕೊಡಲ್ಲ.

ಪಿಜಿ ಸೆಕೆಂಡ್ ಇಯರ್
ಶನಿವಾರ ರಾತ್ರಿ 7:15

ಸರ್, ಮಕ್ಕಳ ವಿಭಾಗದ ಪುಟಗಳಿಗೆ ಜನ ಬೇಕಾದರೆ ಹೇಳಿ. ಮುಂದಿನ ಶನಿವಾರ ನನಗೆ ಆಫ್ ಇದೆ. ನಮ್ಮ ಲೈಬ್ರರಿ ಅಲ್ಲದಿದ್ದರೂ ಬರಬಹುದಾ?

ಸಬ್ ಸೆಂಟರ್ ಸಿಸ್ಟರ್
ಶನಿವಾರ ರಾತ್ರಿ 9:05

60 ಅಂತ ತಿದ್ದಿಕೊಂಡೆ ಸರ್. ಮಾತ್ರೆ ಡಬ್ಬದ ಮೇಲೆ 60 ಅಂತಲೇ ಇತ್ತು. ಡೈರಿಯಲ್ಲಿ ಬೇರೆ ಇದೆಯಲ್ಲ ಅಂತ ಒಂದೊಂದು ಸಲ ಅನುಮಾನ ಬರ್ತಿತ್ತು.

ನಾಲ್ಕನೇ ಪುಟ ನಾಳೆ ಕಳಿಸ್ತೀನಿ. ಅದರ ಮೇಲೆ ಕಷಾಯ ಚೆಲ್ಲಿದೆ, ಓದೋಕೆ ಬರುತ್ತಾ ನೋಡಿ.